ಕಾಣೆಯಾದ ಮೆನು ಸಾಲು

ಇದು ಯಾರ ಕೆಲಸ? ನಿನ್ನೆ ತಾನು ಕಚೇರಿಗೇ ಬಂದಿಲ್ಲ, ರಜೆ. ಇವತ್ತು ಬಸ್ಸು ತಪ್ಪಿ ತಡವಾಗಿದೆ. ಆದರೂ ಕಂಪ್ಯೂಟರ್ ಪರದೆಯ ಮೇಲ್ಗಡೆ ಮೆನು ಸಾಲಿಲ್ಲ, ಅದರ ಕೆಳಗಿನ ಚಿಕ್ಕ ಚಿತ್ರಗಳ ಟೂಲ್‌ಬಾರೂ ಇಲ್ಲ. ಬರೀ ಬಿಳಿ ಹಾಳೆ. ರಘುನಂದನನಿಗೆ ಬೆವರು ಕಿತ್ತುಕೊಂಡು ಬಂತು. ನಾಗಪುರದ ಮೇ ತಿಂಗಳಲ್ಲಿ ಬೆವರಿಗೆ ಕಾರಣ ಬೇಕಿಲ್ಲ. ಆದರೆ ಎ.ಸಿ. ನಡೆಯುತ್ತಿತ್ತು. ಮನುಷ್ಯರಿಗೆ ಇಪ್ಪತ್ತು ವರ್ಷ ಸಿಗದ ಎ.ಸಿ. ಕಂಪ್ಯೂಟರಿಗೆ ಒಂದೇ ವಾರದಲ್ಲಿ ಸಿಕ್ಕಿತ್ತು.

1999ರಲ್ಲಿ ಆ ಸರ್ಕಾರಿ ಕಚೇರಿಗೆ ಕಂಪ್ಯೂಟರ್ ಬಂತು, ಎರಡು ಟೈಪ್‌ರೈಟರುಗಳು ಗೋದಾಮು ಸೇರಿದವು. ಅವುಗಳ ಮುಂದೆ ಕೂರುತ್ತಿದ್ದವರು ಧಾರವಾಡ ಕಡೆಯ ಇಬ್ಬರು: ರಘುನಂದನ, ಅಂಬುಜಾಬಾಯಿ. ಒಬ್ಬರು ಕೋರಾಡಿ ಶಾಖೆಗೆ ಹೋಗಬೇಕೆಂದು ಸುತ್ತೋಲೆ ಬಂತು. ರಘುನಂದನ ಮನೀಶ್ ನಗರದಲ್ಲಿ ಆಗಷ್ಟೇ ಮನೆ ಕಟ್ಟಿಸಿದ್ದ. ಕೋರಾಡಿ ಊರಿನ ಇನ್ನೊಂದು ತುದಿ. ಹೋಗಿಬರಲು ನಾಲ್ಕು ಬಸ್ಸು. ಐವತ್ತೆರಡರ ಅಂಬುಜಾಬಾಯಿ ಮೌಸನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಆದರೆ ಸೇವೆಯಲ್ಲಿ ಹಿರಿಯರು. ಅವರನ್ನು ಕಳಿಸಲು ಸಾಹೇಬರಿಗೆ ಕಾರಣ ಬೇಕಿತ್ತು.

ಕಾರಣವೂ ಸಿಕ್ಕಿತು.

"ರಘು ಅವರ, ಮ್ಯಾಲಿಂದು ಎಲ್ಲಾ ಹೋಗೇತ್ರಿ. ನಾ ಏನೂ ಮುಟ್ಟಿಲ್ರಿ."

"ಮುಟ್ಟಲಾರದ ಹೆಂಗ ಹೋಗ್ತಾವ್ರಿ ಬಾಯಾರ? ಚೂರು ಆ ಕಡೆ ನೋಡ್ರಿ."

ಅವರು ಗೋಡೆ ನೋಡಿದರು. ರಘುನಂದನ ಇಪ್ಪತ್ತು ನಿಮಿಷ ಹುಬ್ಬು ಗಂಟಿಕ್ಕಿ ಮೆನುಗಳನ್ನು ವಾಪಸು ತಂದ. ದೂರು ಪುಸ್ತಕದಲ್ಲಿ ತಾನೇ ಬರೆದ: 'ಅಂಬುಜಾಬಾಯಿಯವರಿಂದ ಮೆನು ನಾಪತ್ತೆ. ರಘುನಂದನರಿಂದ ಪತ್ತೆ.' ಹೀಗೆ ಹನ್ನೊಂದು ದಿನ, ಹನ್ನೊಂದು ನಮೂದು. ಕಚೇರಿ ಅವನನ್ನು ಡಾಕ್ಟರ್ ಎಂದು ಕರೆಯತೊಡಗಿತು. ಎಲ್ಲರಿಗಿಂತ ಕಾಲು ಗಂಟೆ ಮುಂಚೆ ಬಂದು ಕಂಪ್ಯೂಟರಿನ ಧೂಳು ಒರೆಸುವ ನಿಷ್ಠೆಯೂ ಅವನದೇ.

ಹನ್ನೆರಡನೇ ದಿನ ಅವನು ರಜೆ ಹಾಕಿದ. ಹದಿಮೂರನೇ ದಿನ, ಇವತ್ತು, ಅಂಬುಜಾಬಾಯಿ ಕೂಗಲಿಲ್ಲ, ಅಳಲಿಲ್ಲ. ಮೌಸಿಗೆ ಕರವಸ್ತ್ರ ಹೊದಿಸಿ ಟೈಪು ಮಾಡುತ್ತಿದ್ದರು.

"ಬಾಯಾರ, ಮೆನು?"

"ಇರ್ಲಿ ಬಿಡ್ರಿ. ನೀವು ಚಹಾ ಕುಡೀರಿ."

ರಘುನಂದನ ಚಹಾ ಕುಡಿಯಲಿಲ್ಲ. ನೇರ ಸಾಹೇಬರ ಕೋಣೆಗೆ ಹೋದ. ಅಂಬುಜಾಬಾಯಿಯವರೇ ಮೆನುಗಳನ್ನು ಬೇಕೆಂದು ಮುಚ್ಚಿಡುತ್ತಾರೆ, ಸರ್ಕಾರಿ ಯಂತ್ರಕ್ಕೆ ಅಪಾಯ ಎಂದ.

ಸಾಹೇಬರು ಎದ್ದು ಬಂದು ಮರಾಠಿಯಲ್ಲಿ ಕೇಳಿದರು. ಹೌದು, ಇವತ್ತು ಮುಚ್ಚಿಟ್ಟಿದ್ದು ನಾನೇ ಎಂದು ಅಂಬುಜಾಬಾಯಿಯೂ ಮರಾಠಿಯಲ್ಲೇ ಒಪ್ಪಿಕೊಂಡರು. ಆಮೇಲೆ ಮೌಸು ಮುಟ್ಟದೆ, ಮೆನು ನೋಡದೆ, ಕೀಲಿಮಣೆಯ ಕೀಲಿಗಳಿಂದಲೇ ಒಂದು ಪತ್ರ ಬರೆದರು, ಉಳಿಸಿದರು, ಮುದ್ರಿಸಿದರು. ನಾಲ್ಕು ನಿಮಿಷ. ಸಾಹೇಬರು "ಛಾನ್" ಎಂದರು. ಆ ಮೆಚ್ಚುಗೆಯ ಮಾತನ್ನು ಅವರು ವರ್ಷಕ್ಕೊಮ್ಮೆ ಆಡುತ್ತಿದ್ದರು, ಅದೂ ಬಹಳ ಸಲ ಊಟದ ಬಗ್ಗೆ.

ಸಂಜೆಯೊಳಗೆ ಆದೇಶ ಹೊರಟಿತು. ಟೈಪಿಸಿದವರು ಅಂಬುಜಾಬಾಯಿ, ಒಂದೂ ತಪ್ಪಿಲ್ಲ. ಕೋರಾಡಿಗೂ ಹೊಸ ಕಂಪ್ಯೂಟರ್ ಹೋಗುತ್ತಿದೆ. ದೂರು ಪುಸ್ತಕದ ಹನ್ನೊಂದು ನಮೂದುಗಳನ್ನು ನೋಡಿದರೆ, ಕಳೆದ ಮೆನು ಹುಡುಕುವ ತಜ್ಞ ರಘುನಂದನರೇ ಅಲ್ಲಿಗೆ ತಕ್ಕವರು.

"ಕೀಲಿ ಕಲ್ತಿದ್ದು ನನಗ್ಯಾಕ ಹೇಳ್ಲಿಲ್ರಿ ಬಾಯಾರ?" ರಘುನಂದನ ಕೇಳಿದ.

"ನೀವು ಅಷ್ಟು ಕಷ್ಟಪಟ್ಟು ಹುಡುಕಿ ತರ್ತಿದ್ರಿ. ಮನಸ್ಸು ನೋಯಿಸೂದು ಬ್ಯಾಡ ಅನಿಸ್ತು." ಅಂಬುಜಾಬಾಯಿ ಕನ್ನಡಕ ಒರೆಸಿಕೊಂಡರು. "ಮೊದಲ್ನೇ ದಿನಾ ಅತ್ತೆ ನೋಡ್ರಿ. ಆಮ್ಯಾಲೆ ಕಂಪ್ಯೂಟರ್ ಡಬ್ಬಿ ಜೋಡಿ ಬಂದಿದ್ದ ದಪ್ಪ ಪುಸ್ತಕ ಮನೀಗೆ ಒಯ್ದು ಕೀಲಿ ಎಲ್ಲಾ ಬಾಯಿಪಾಠ ಮಾಡಿದೆ. ಮೆನು ಇಲ್ದಿದ್ರ ಇಡೀ ಹಾಳಿ ಕಾಣ್ತದ, ನಮ್ಮ ಹಳೇ ಮಷೀನಿನಾಗ ಕಂಡಂಗ. ಅವು ಹ್ಯಾಂಗ ಹೋಗ್ತಿದ್ದುವೋ ಏನೋ, ಹೋಗಿದ್ದಕ್ಕ ನಾ ಕಲ್ತೆ. ಯಾರ ಪುಣ್ಯಾನೋ, ಅವರ ಹೊಟ್ಟಿ ತಣ್ಣಗಿರ್ಲಿ."

ರಘುನಂದನ ಎ.ಸಿ.ಯ ಕಡೆ ನೋಡಿದ. ಯಂತ್ರದ ಸ್ವಭಾವವೇ ಹಾಗೆ ಎಂದಷ್ಟೇ ಹೇಳಿ, ಆದೇಶವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ.

ಆ ಹನ್ನೊಂದು ದಿನವೂ ಕಾಲು ಗಂಟೆ ಮುಂಚೆ ಬಂದು, ಧೂಳು ಒರೆಸುವ ಬಟ್ಟೆ ಹಿಡಿದೇ ಮೆನುಗಳನ್ನು ಮುಚ್ಚಿಡುತ್ತಿದ್ದವನು ತಾನು ಎಂದು ಅವನು ಹೇಳಲಿಲ್ಲ.