ಕಂಡಿತು ಅಂದ ಮೇಲೆ

"ರನ್‌ವೇ ಕಾಣ್ತಿದೆಯಾ?" ಎಂದು ಕಂಟ್ರೋಲ್ ಟವರ್ ಕೇಳಿತು.

ವಿಮಾನ ಹಾರಿಸುತ್ತಿದ್ದ ಸಹಪೈಲಟ್ ಕಣ್ಣು ಕಿರಿದು ಮಾಡಿ ನೋಡಿದಳು. ಮಂಜು, ಅದರ ಮೇಲೆ ಎದುರು ಬಿಸಿಲು. ರನ್‌ವೇ ಹಾಗಿರಲಿ, ಊರೇ ಪತ್ತೆಯಿಲ್ಲ. ಪಕ್ಕದಲ್ಲಿ ಕೂತವರು ಪರೀಕ್ಷಕರು, ಕಂಪನಿಯಲ್ಲೆಲ್ಲ 'ಹದ್ದಿನ ಕಣ್ಣು' ಎಂದೇ ಹೆಸರಾದವರು. ಇವತ್ತು ಅವರು ಪಾಸು ಮಾಡಿದರೆ ಅವಳು ಕ್ಯಾಪ್ಟನ್. ಇಲ್ಲದಿದ್ದರೆ ಇನ್ನೊಂದು ವರ್ಷ ಸಹಪೈಲಟ್ ಕೆಲಸವೇ ಗತಿ.

"ನನಗೆ ಕಾಣ್ತಿಲ್ಲ ಸರ್."

"ಅಗೋ, ಮೂಗಿನ ನೇರಕ್ಕೆ! ಎಮ್ಮೆ ಹಾಗೆ ಬಿದ್ದುಕೊಂಡಿದೆಯಲ್ಲಮ್ಮಾ!" ಎಂದವರೇ ಪರೀಕ್ಷಕರು ಮೈಕಿನಲ್ಲಿ ಹೇಳಿಯೇಬಿಟ್ಟರು: "ಕಂಡಿತು."

ಅಷ್ಟೇ ಸಾಕು. ನಿಯಮವೇ ಹಾಗಿದೆ: ಕಾಣುವವರೆಗೆ ದಾರಿ ತೋರಿಸುವುದು ಟವರ್‌ನ ಕೆಲಸ, 'ಕಂಡಿತು' ಅಂದ ಮೇಲೆ ಜವಾಬ್ದಾರಿ ಅಂದವರದು. ಇದನ್ನು ಅವಳಿಗೆ ಮೇಜು ಕುಟ್ಟಿ ಕುಟ್ಟಿ ಕಲಿಸಿದವರೂ ಇದೇ ಮಹಾನುಭಾವರು! "ಸರಿ, ನೋಡಿಕೊಂಡು ಇಳೀರಿ," ಎಂದು ಟವರ್ ಕೈತೊಳೆದುಕೊಂಡಿತು.

ಮೂಗಿನ ನೇರಕ್ಕೆ ಉದ್ದನೆಯ ಬೂದು ಪಟ್ಟಿಯೊಂದು ಇತ್ತು ನಿಜ. ಅದರ ಮೇಲೆ ಲಾರಿಯೊಂದು ಆರಾಮಾಗಿ ಹೋಗುತ್ತಿತ್ತು.

ಹೂಂಗುಟ್ಟಿಕೊಂಡಿದ್ದರೆ ಸಾಹೇಬರಿಗೆ ಖುಷಿ. ಆದರೆ ಬೆನ್ನ ಹಿಂದೆ ಎಂಬತ್ತು ಜನ ಅವಳನ್ನೇ ನಂಬಿ ಕೂತಿದ್ದಾರೆ. ವಿಮಾನವನ್ನು ಮೇಲಕ್ಕೆತ್ತಿ, "ಟವರ್, ರನ್‌ವೇ ಕಂಡಿಲ್ಲ. ದಾರಿ ತೋರಿಸಿ," ಎಂದಳು. ಎರಡನೇ ಸುತ್ತಿಗೆ ನಿಜವಾದ ರನ್‌ವೇ ಎಡಗಡೆ ಸಿಕ್ಕಿತು.

ಇಳಿದು ಆಫೀಸಿಗೆ ಬಂದದ್ದೇ ಪರೀಕ್ಷಕರು ರೇಗಿದರು. "ಟವರ್‌ನವರ ಮುಂದೆ ನನ್ನ ಮರ್ಯಾದೆ ಹರಾಜು ಹಾಕಿದೆಯಲ್ಲಮ್ಮಾ!"

"ಅದು ಹೆದ್ದಾರಿ ಸರ್. ಲಾರಿ ಹೋಗ್ತಿತ್ತು."

"ಯಾಕೆ, ರನ್‌ವೇ ಮೇಲೆ ರಿಪೇರಿ ಲಾರಿ ಓಡಾಡಬಾರದಾ?"

ಪರೀಕ್ಷಕರು ಫಾರಂ ಎಳೆದುಕೊಂಡು 'ನೋಟ ಚುರುಕಿಲ್ಲ, ಫೇಲ್' ಎಂದು ದಪ್ಪಗೆ ಗೀಚಿದರು. ಕೆಳಗೆ ಸಹಿಗೆ ಎರಡು ಗೆರೆ, ಸೊಳ್ಳೆ ಗಾತ್ರದ ಅಕ್ಷರ. ಕನ್ನಡಕ ಅವರ ಜೇಬಿನಲ್ಲೇ ಇತ್ತು. ಅದನ್ನು ಯಾರೆದುರೂ ಹಾಕಿಕೊಂಡವರಲ್ಲ. ಹಾಗೇ ಮೇಲಿನ ಗೆರೆಗೆ ಪೆನ್ನು ಇಟ್ಟರು.

"ಸರ್, ನಿಮ್ಮ ಸಹಿ ಅಲ್ಲಲ್ಲ, ಅದರ ಕೆಳಗೆ..."

"ಎಲ್ಲಿ ಹಾಕಬೇಕು ಅಂತ ನನಗೆ ಕಾಣುತ್ತೆ! ತಗೊಂಡು ಹೋಗಿ ಕೊಡು."

ಅವಳು ಹಾಳೆಯನ್ನು ಗುಮಾಸ್ತೆಯ ಮೇಜಿನ ಮೇಲಿಟ್ಟಳು. 'ಪರೀಕ್ಷೆಗೆ ಕೂತವರು' ಎಂಬ ಗೆರೆಯ ಮೇಲೆ ಸಾಹೇಬರ ಉದ್ದನೆಯ ಸಹಿ ಕಂಡು ಗುಮಾಸ್ತೆ ಕಣ್ಣರಳಿಸಿದಳು.

"ಅಯ್ಯೋ ದೇವರೇ, ಸಾಹೇಬರೇ ಫೇಲಾ? ನೀವು ಹೇಳಬಾರದಿತ್ತಾ?"

"ಹೇಳಿದೆ ಅಕ್ಕಾ. ಕಾಣುತ್ತೆ ಅಂದ್ರು."

ಹನ್ನೆರಡು ವರ್ಷದಿಂದ ಪೈಲಟ್‌ಗಳ ಫಾರಂ ತಿರುವುತ್ತ ಬಂದ ಗುಮಾಸ್ತೆಗೂ ಆ ನಿಯಮ ಬಾಯಿಪಾಠ. "ಅಂದ ಮೇಲೆ ಮುಗೀತು, ಜವಾಬ್ದಾರಿ ಅವರದೇ," ಎಂದು ಮೊಹರು ಒತ್ತಿದಳು.