ನಾಲ್ಕನೇ ‘ಇಲ್ಲ’

ನಿರುದ್ಯೋಗ ಭತ್ಯೆ ನಿಲ್ಲಬಾರದೆಂದರೆ ತಿಂಗಳಿಗೆ ನಾಲ್ಕು ಕಡೆ ಕೆಲಸ ಕೇಳಿ, ‘ಖಾಲಿ ಇಲ್ಲ’ ಎಂದು ಸೀಲು ಹಾಕಿಸಿಕೊಂಡು ಬರಬೇಕಿತ್ತು. ಕೊನೆಯ ದಿನವಾದರೂ ಚಂಪಾಳ ಬಳಿ ಮೂರೇ ಇದ್ದವು.

“ಇನ್ನೊಂದೆಲ್ಲಮ್ಮಾ?” ಎಂದರು ಭತ್ಯೆ ಕಚೇರಿಯ ಗುಮಾಸ್ತರು.

“ಸಾರ್, ನಿಮ್ಮಲ್ಲೇನಾದ್ರೂ ಕೆಲಸ ಇದೆಯಾ?”

“ಇಲ್ಲಿ ಕೆಲಸ ಎಲ್ಲಿಂದ ಬರ್ಬೇಕು! ಇಲ್ಲ.”

“ಹಾಗಾದ್ರೆ ಅದಕ್ಕೇ ಒಂದು ಸೀಲು ಹಾಕ್ಬಿಡಿ ಸಾರ್.”

ಗುಮಾಸ್ತರು ದುರುಗುಟ್ಟಿ ನೋಡಿ, ಆಮೇಲೆ ನಕ್ಕು ಸೀಲು ಒತ್ತಿದರು. ಹಿಂದಿದ್ದವನು ತಕ್ಷಣ ಮುಂದೆ ಬಂದ. “ಸಾರ್, ನಂಗೇನಾದ್ರೂ ಇಲ್ಲಿ ಕೆಲಸ?”

ಮರುತಿಂಗಳು ಕೆಲಸ ಕೇಳುವವರ ಸಾಲು ಕಚೇರಿ ದಾಟಿ ಬೀದಿಗೆ ಬಂದಿತ್ತು. ಚಂಪಾಳ ಸರದಿ ಬಂದಾಗ ಗುಮಾಸ್ತರು ಮಣಿಕಟ್ಟು ನೀವಿಕೊಳ್ಳುತ್ತಿದ್ದರು.

“ನಿಂಗೆ ಇಲ್ಲ ಅನ್ನಲ್ಲಮ್ಮಾ. ಈಚೆ ಬಂದು ಕೂತ್ಕೊಂಡು, ಮಿಕ್ಕವರಿಗೆಲ್ಲ ‘ಖಾಲಿ ಇಲ್ಲ’ ಸೀಲು ಹೊಡಿ. ಸಂಬಳ ಕೊಡಿಸ್ತೀನಿ.”