ಜೊತೆಗೊಬ್ಬಳು ಪುಕ್ಕಲಿ

“ಗೈಡಾ? ನನಗಾ?”

ದಂತವೈದ್ಯ ಲೈಫ್ ಜಾಕೆಟ್ಟನ್ನು ಎರಡೇ ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಬಿಸಾಡುವ ಹಾಗೆ ಬೆಂಚಿನ ಮೇಲೆ ಬಿಟ್ಟ. ಬಾಡಿಗೆ ದೋಣಿಯವನು ಅದನ್ನು ಕೈಗೆತ್ತಿಕೊಂಡು, ಸೊಟ್ಟಗಾಗಿದ್ದ ಬೆಲ್ಟನ್ನು ಸರಿಮಾಡಿದ.

“ದೊಡ್ಡ ಸರೋವರ ಸರ್. ಇಲ್ಲಿಂದ ನೋಡಿದ್ರೆ ಕನ್ನಡಿ. ಹನ್ನೊಂದರ ಮೇಲೆ ಗಾಳಿ ಎದ್ರೆ ನಡುವೆ ಸೊಂಟದೆತ್ತರ ಅಲೆ. ನೀರು ಬೇರೆ ಐಸು. ನೀವು ಒಬ್ರೇ, ಜಾಕೆಟ್ಟೂ ಇಲ್ದೆ...”

“ಕ್ಲಬ್ಬಿನ ಕೊಳದಲ್ಲಿ ಆರು ತಿಂಗಳು ಹುಟ್ಟು ಹಾಕಿದೀನಿ ಕಣಯ್ಯಾ. ಗೈಡ್ ಬೇಕಾಗಿರೋದು ದಾರಿ ತಪ್ಪೋರಿಗೆ. ನೀರಲ್ಲಿ ದಾರಿ ಎಲ್ಲಿದೆ?”

ಕಯಾಕ್, ಒಬ್ಬರೇ ಕೂರುವ ಆ ಸಪೂರ ದೋಣಿ, ಅವನದೇ. ಹೊಚ್ಚ ಹೊಸದು, ಕಾರಿನ ನೆತ್ತಿಯ ಮೇಲೆ ಬಂದಿತ್ತು. ಸ್ವಂತ ದೋಣಿ ತಂದವರ ಮೇಲೆ ಬಾಡಿಗೆಯವನ ಮಾತು ನಡೆಯುವುದಿಲ್ಲ.

ಕಟ್ಟೆಯ ಮೇಲೆ ಅವನ ಹೆಂಡತಿ ಅವನ ಓದುವ ಕನ್ನಡಕ ಹಿಡಿದು ನಿಂತಿದ್ದಳು. “ನಡುಗಡ್ಡೆ ತನಕ ಒಬ್ರೇ ಬೇಡ ರೀ. ಏನಾದ್ರೂ ಆದ್ರೆ ನಾನಿಲ್ಲಿ ನಿಂತು ಏನು ಮಾಡ್ಲಿ?”

“ನೀನು ಸುಮ್ನಿರು.”

ಹದಿನೆಂಟು ವರ್ಷದಲ್ಲಿ ಅವಳ ಹೆಸರಿಗಿಂತ ಹೆಚ್ಚು ಸಲ ಅವನು ಆಡಿದ ಮಾತು ಅದು. ಅವಳು ಆ ಕನ್ನಡಕವನ್ನೇ ಒರೆಸತೊಡಗಿದಳು.

ಆಗ ಬಂದಳು ಆ ಹೆಂಗಸು. ಐವತ್ತು ದಾಟಿದವಳು, ದಪ್ಪಗಿದ್ದಳು. ಜಾಕೆಟ್ಟಿನೊಳಗೆ ಆಮೆಯ ಹಾಗೆ ಕುತ್ತಿಗೆ ಸೇದಿಕೊಂಡಿದ್ದಳು. ಕೊರಳಲ್ಲಿ ಸೀಟಿ, ಎದೆಯ ಮೇಲೆ ಪ್ಲಾಸ್ಟಿಕ್ ಚೀಲದೊಳಗೆ ಮೊಬೈಲು.

“ಸರ್, ನೀವು ಹುಟ್ಟು ಹಾಕೋದು ಗೊತ್ತಿರೋರ ಥರ ಕಾಣ್ತೀರ. ನನ್ನನ್ನೂ ಜೊತೆಗೆ ಕರ್ಕೊಂಡು ಹೋಗ್ತೀರಾ? ನನಗೆ ನೀರಂದ್ರೆ ಜೀವ ಬಾಯಿಗೆ ಬರುತ್ತೆ.”

“ಮತ್ತೆ ಇಲ್ಲಿಗ್ಯಾಕೆ ಬಂದ್ರಿ? ಮನೇಲಿ ಬಕೆಟ್ ಇರ್ಲಿಲ್ವಾ?”

ತನ್ನ ಜೋಕಿಗೆ ತಾನೇ ನಕ್ಕ. ಆದರೆ ಬೇಡ ಎನ್ನಲಿಲ್ಲ. ಇನ್ನೊಬ್ಬರಿಗೆ ಕಲಿಸುವ ಅವಕಾಶವನ್ನು ಅವನು ಯಾವತ್ತೂ ಬಿಟ್ಟವನಲ್ಲ.

“ಈ ಬೆಲ್ಟು ಸರಿಯಿದೆಯಾ ಸರ್? ನೀವೊಂದು ಜಾಕೆಟ್ ಹಾಕಿ ತೋರಿಸಿ.”

ಹಾಕಿ ತೋರಿಸಿದ. ಬಿಚ್ಚಲು ಹೋದಾಗ ಅವಳು ಗಾಬರಿಯಾದಳು. “ಬಿಚ್ಚಬೇಡಿ! ನಾನು ಬಿದ್ರೆ ನಿಮ್ಮನ್ನೇ ತಬ್ಬಿ ಹಿಡ್ಕೊಳ್ಳೋದು.” ದಂತವೈದ್ಯ ಅವಳನ್ನು ಮೇಲಿಂದ ಕೆಳಗೆ ಒಮ್ಮೆ ಅಳೆದು, ಬೆಲ್ಟನ್ನು ಇನ್ನಷ್ಟು ಬಿಗಿಮಾಡಿಕೊಂಡ.

ನೀರಿನ ಮೇಲೆ ಅವಳದು ದೊಡ್ಡ ರಗಳೆ. ಅವಳ ಕಯಾಕ್ ನೆಟ್ಟಗೆ ಹೋಗಲೊಲ್ಲದು. ಎತ್ತ ತಿರುಗಿಸಿದರೂ ಮೂತಿ ದಡದ ಕಡೆಗೇ.

“ವಾಚ್ ಕಟ್ಟಿರೋ ಕೈ ಕಡೆ ಹುಟ್ಟು ಹಾಕಮ್ಮಾ! ಅದಲ್ಲ, ಇನ್ನೊಂದು! ದೇವರೇ, ಎರಡೇ ಕೈ ಇರೋದು, ಅದರಲ್ಲೂ ಗೊಂದಲವಾ?”

ಬೈಯಲು ಹತ್ತಿರ ಬರಬೇಕಲ್ಲ. ಹೀಗೆ ಒಂದು ಗಂಟೆ ದಡದ ಪಕ್ಕದಲ್ಲೇ ಕಳೆಯಿತು.

“ಗಾಳಿ ತಿರುಗ್ತಿದೆ ಸರ್. ಹೊಟ್ಟೇಲಿ ಏನೋ ಆಗ್ತಿದೆ. ವಾಪಸ್ ಹೋಗೋಣ.”

“ನೀವು ಇಲ್ಲೇ ಕೂತು ಕಪ್ಪೆ ಎಣಿಸ್ತಿರಿ,” ಎಂದವನೇ ನಡುಗಡ್ಡೆಯತ್ತ ತಿರುಗಿಸಿದ.

“ಅಯ್ಯೋ, ಒಬ್ಬಳನ್ನೇ ಬಿಟ್ಟು ಹೋಗ್ಬೇಡಿ!” ಅವಳು ಕೂಗುತ್ತ ಹಿಂದೆಯೇ ಬಂದಳು. ತೊಲಗದ ಶನಿ ಅಂದುಕೊಂಡ.

ಅರ್ಧ ದಾರಿಯಲ್ಲಿ ಗಾಳಿ ಎದ್ದಿತು. ಮೊದಲ ಅಲೆಯನ್ನು ನೋಡಿ ನಕ್ಕ. ಎರಡನೆಯದಕ್ಕೆ ಬೈದ. ಮೂರನೆಯದು ಅವನನ್ನು ಮಗುಚಿ ಹಾಕಿತು.

ತಣ್ಣೀರು ಎದೆಗೆ ಗುದ್ದಿದಂತಾಗಿ ಉಸಿರೇ ಸಿಕ್ಕಿಹಾಕಿಕೊಂಡಿತು. ಜಾಕೆಟ್ ಅವನನ್ನು ಮೇಲೆತ್ತಿತು. ಕಯಾಕನ್ನು ಅಲ್ಲೇ ಬಿಟ್ಟು ದಡದತ್ತ ಈಜಿದ. ಹತ್ತು ಸಲ ಕೈ ಬೀಸಿದರೂ ದಡ ಇದ್ದಲ್ಲೇ ಇತ್ತು. ಕಟ್ಟೆಯ ಮೇಲೆ ಚುಕ್ಕೆಯಂತೆ ಹೆಂಡತಿ. ತೋಳು ಮರಗಟ್ಟುತ್ತಿತ್ತು. ಮೊದಲ ಬಾರಿಗೆ ಅವಳನ್ನು ಹೆಸರು ಹಿಡಿದು ಕರೆಯಬೇಕೆನಿಸಿತು.

ಅಷ್ಟರಲ್ಲಿ ಪುಕ್ಕಲಿಯ ಕಯಾಕ್ ಅವನದಕ್ಕೆ ಡಿಕ್ಕಿ ಹೊಡೆಯಿತು. ಎರಡೂ ಒಂದಕ್ಕೊಂದು ಅಂಟಿಕೊಂಡು ತೇಲುತ್ತ ನೇರ ಅವನ ಮುಂದಕ್ಕೆ ಬಂದವು.

“ಸರ್, ಇದನ್ನ ಹಿಡ್ಕೊಳ್ಳಿ! ನನ್ನ ಕೈಲಾಗಲ್ಲ!” ಅವಳು ಗಾಬರಿಯಲ್ಲಿ ಎಳೆದಾಡಿದ ರಭಸಕ್ಕೆ ಮಗುಚಿದ್ದ ಕಯಾಕ್ ನೆಟ್ಟಗಾಗಿಬಿಟ್ಟಿತು. ಅದರ ಅಂಚನ್ನು ಅವಳು ಜೀವವೇ ಅಲ್ಲಿದೆ ಎಂಬಂತೆ ಅವುಚಿಕೊಂಡಳು. “ನಾನು ಬಿದ್ರೆ ಹತ್ತೋದು ಹೇಗೆ ಸರ್? ಕಾಲು ಒದೆಯೋದಾ? ಹೊಟ್ಟೆ ಮೇಲೆ ಬರೋದಾ? ಬೇಗ ಹೇಳಿ!”

ಹಲ್ಲು ಕಟಕಟ ಅನ್ನುತ್ತಿದ್ದರೂ ದಂತವೈದ್ಯನಿಗೆ ರೇಗಿತು. “ಇಷ್ಟೂ ಗೊತ್ತಿಲ್ವಾ? ನೋಡಿ ಕಲೀರಿ!” ಕಾಲು ಒದ್ದ. ಹೊಟ್ಟೆಯ ಮೇಲೆ ಬಂದ. ಹೊರಳಿ ಕೂತ.

ಅವಳು ಭಯಕ್ಕೆ ಸೀಟಿ ಊದಿದಳು. ಮೂರು ಸಲ, ಬಿಟ್ಟು ಬಿಟ್ಟು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮೋಟಾರು ದೋಣಿ ಬಂತು.

ದಡದಲ್ಲಿ ದಂತವೈದ್ಯನಿಗೆ ಮಾತು ವಾಪಸ್ ಬಂದಿತ್ತು.

“ಇಂಥವರನ್ನೆಲ್ಲ ನೀರಿಗೆ ಬಿಡ್ತೀಯಲ್ಲಯ್ಯಾ! ಇವತ್ತು ಜೊತೇಲಿ ಹುಟ್ಟು ಹಾಕೋದು ಗೊತ್ತಿರೋರು ಇದ್ರು, ಬಚಾವು. ಇಲ್ದಿದ್ರೆ ಹೆಣ ಎತ್ತಬೇಕಿತ್ತು.”

“ನಿಜ ಸರ್,” ಎಂದ ಬಾಡಿಗೆ ದೋಣಿಯವನು.

ಹೆಂಡತಿ ಟವೆಲನ್ನು ಮೊದಲು ಹೊದಿಸಿದ್ದು ಆ ಹೆಂಗಸಿಗೆ. ಹೊದಿಸಿದ ಕೈಯನ್ನು ಭುಜದ ಮೇಲೆ ಒಂದು ಗಳಿಗೆ ಹಾಗೇ ಇಟ್ಟಿದ್ದಳು. ಗಂಡನಿಗೆ ಸಿಟ್ಟು ಬಂತು. ಮನೆಯ ದಾರಿಯುದ್ದಕ್ಕೂ, ತಾನು ಒಬ್ಬ ಪುಕ್ಕಲಿಯ ಜೀವ ಉಳಿಸಿದ್ದು ಹೇಗೆಂದು ಹೆಂಡತಿಗೆ ವಿವರಿಸಿದ.

ಕಾರು ಕಣ್ಮರೆಯಾದ ಮೇಲೆ ಬಾಡಿಗೆ ದೋಣಿಯವನು ಬಿಸಿ ಚಹಾ ತಂದಿಟ್ಟ. “ಅಕ್ಕಾ, ನಾಳೆ ಬೆಳಿಗ್ಗೆ ಇನ್ನೊಬ್ರು ಬರ್ತಾರಂತೆ. ನಿವೃತ್ತ ಪೈಲಟ್ಟು. ಗೈಡ್ ಅಂದ ತಕ್ಷಣ ಫೋನಲ್ಲೇ ಬೈದ್ರು.”

ಇಪ್ಪತ್ತೆರಡು ವರ್ಷಗಳಿಂದ ಆ ಸರೋವರದ ಮುಖ್ಯ ಗೈಡ್ ಆಗಿದ್ದ ಹೆಂಗಸು ಒದ್ದೆ ಕೂದಲನ್ನು ಹಿಂಡಿಕೊಳ್ಳುತ್ತ ಕೇಳಿದಳು: “ಪೈಲಟ್ಟಾ? ಹಾಗಾದ್ರೆ ಎಷ್ಟು ಹೆದರಲಿ?”